ಅಮೆರಿಕದಲ್ಲಿ ಇಂಟೀರಿಯರ್ ಡಿಸೈನರ್ ಲೈಸೆನ್ಸ್: ಪರೀಕ್ಷೆಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು

ಪ್ರಶ್ನೆ: ನಾನು ಟೆಕ್ಸಸ್‌ನ ಡಲ್ಲಾಸ್ ಸಮೀಪ ವಾಸವಾಗಿದ್ದೇನೆ. ಇಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ವಿಷಯದಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿ, ಈಗ ಅಡುಗೆಮನೆ ಮತ್ತು ಬಾತ್‌ರೂಮುಗಳನ್ನು ವಿನ್ಯಾಸ ಮಾಡಿಕೊಡುವ ಒಂದು ಶೋರೂಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಲೈಸೆನ್ಸ್ ಇರುವ ಇಂಟೀರಿಯರ್ ಡಿಸೈನರ್ ಆಗಬೇಕೆಂದಿದ್ದೇನೆ. ನಾಲ್ಕು ವರ್ಷದ ಪದವಿ ಇಲ್ಲದೆ ಇದು ಸಾಧ್ಯವೇ? ಪರೀಕ್ಷೆಗೆ ಯಾವಾಗ ಕೂರಬಹುದು? ಲೈಸೆನ್ಸ್ ಸಿಗುವ ತನಕ ವಿಸಿಟಿಂಗ್ ಕಾರ್ಡಿನ ಮೇಲೆ ‘ಇಂಟೀರಿಯರ್ ಡಿಸೈನರ್’ ಎಂದು ಬರೆದುಕೊಳ್ಳಬಹುದೇ?

ಉತ್ತರ: ನಾಲ್ಕು ವರ್ಷದ ಪದವಿ ಇಲ್ಲದೆಯೂ ಈ ದಾರಿಯಲ್ಲಿ ಹೋಗಬಹುದು, ಆದರೆ ಅನುಭವದ ಅವಧಿ ಹೆಚ್ಚಾಗುತ್ತದೆ. ಪರೀಕ್ಷೆ ಮೂರು ಭಾಗಗಳಲ್ಲಿದ್ದು, ಮೊದಲ ಭಾಗವನ್ನು ಅನುಭವದ ಗಂಟೆಗಳು ಪೂರ್ತಿಯಾಗುವ ಮುನ್ನವೇ ಬರೆಯಬಹುದು; ಉಳಿದೆರಡಕ್ಕೆ ಗಂಟೆಗಳು ಭರ್ತಿಯಾಗಿರಬೇಕು. ಕಾರ್ಡಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ಅದರ ಉತ್ತರ ಟೆಕ್ಸಸ್ ಕಾನೂನಿನ ಒಂದೇ ಒಂದು ಪದದ ಮೇಲೆ ನಿಂತಿದೆ. ನೀವು ಕೇಳದೆ ಬಿಟ್ಟಿರುವ, ಆದರೆ ಮೊದಲು ತೀರ್ಮಾನವಾಗಬೇಕಾದ ವಿಷಯಗಳು ಎರಡಿವೆ: ಮುಂದೆ ನೀವು ಯಾವ ಬಗೆಯ ಕಟ್ಟಡಗಳಲ್ಲಿ ಕೆಲಸ ಮಾಡಬೇಕೆಂದಿದ್ದೀರಿ, ಮತ್ತು ಈಗ ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದೀರಿ. ಲೈಸೆನ್ಸ್ ಬೇಕೇ ಬೇಡವೇ ಎಂಬುದನ್ನು ಮೊದಲನೆಯದು ನಿರ್ಧರಿಸುತ್ತದೆ. ಎಷ್ಟು ವರ್ಷಕ್ಕೆ ಸಿಗುತ್ತದೆ ಎಂಬುದನ್ನು ಎರಡನೆಯದು ನಿರ್ಧರಿಸುತ್ತದೆ. ಪರೀಕ್ಷೆಯ ಪುಸ್ತಕಗಳನ್ನು ಕೊಂಡು ಓದಲು ಕುಳಿತ ಮೇಲೆ ಈ ಎರಡರತ್ತ ಗಮನ ಹರಿಸುವವರೇ ಹೆಚ್ಚು, ಅಷ್ಟರಲ್ಲಿ ಒಂದೆರಡು ವರ್ಷದ ಕೆಲಸ ಲೆಕ್ಕಕ್ಕೆ ಬಾರದೆ ಹೋಗಿರುತ್ತದೆ.

ವೈದ್ಯರಿಗಾಗಲಿ ವಕೀಲರಿಗಾಗಲಿ ಇರುವಂತೆ, ‘ಇದಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ’ ಎನ್ನುವ ಅರ್ಥದ ಲೈಸೆನ್ಸ್ ಇಂಟೀರಿಯರ್ ಡಿಸೈನಿಗೆ ಅಮೆರಿಕದ ಬಹುತೇಕ ಕಡೆ ಇಲ್ಲ. ಈ ವೃತ್ತಿಗೆ ಕೇಂದ್ರ ಸರ್ಕಾರದ ಕಾನೂನು ಇಲ್ಲ. ಎಲ್ಲವೂ ಆಯಾ ರಾಜ್ಯಕ್ಕೆ ಬಿಟ್ಟದ್ದು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಯಾವುದಾದರೊಂದು ಬಗೆಯ ಕಾನೂನು ಇದೆಯಾದರೂ, ಆ ಕಾನೂನುಗಳೆಲ್ಲ ಒಂದೇ ವಸ್ತುವನ್ನು ರಕ್ಷಿಸುವುದಿಲ್ಲ. ಕೆಲವು ರಾಜ್ಯಗಳು ಕೆಲಸವನ್ನೇ ನಿಯಂತ್ರಿಸುತ್ತವೆ: ನೆವಾಡ, ಲೂಯಿಸಿಯಾನ ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ಈ ಗುಂಪಿನವು, ಮನೆಗಳ ಒಳವಿನ್ಯಾಸಕ್ಕೆ ಸಿಗುವ ವಿನಾಯಿತಿ ಅಲ್ಲಲ್ಲಿ ಬೇರೆ ಬೇರೆ. ಇನ್ನು ಕೆಲವು ರಾಜ್ಯಗಳು ಒಂದು ಬಿರುದನ್ನು ಮಾತ್ರ ಕಾಯುತ್ತವೆ; ಕೆಲಸ ಯಾರು ಬೇಕಾದರೂ ಮಾಡಬಹುದು, ಆದರೆ ಅರ್ಹತೆ ಇಲ್ಲದವರು ಆ ಹೆಸರನ್ನು ಬಳಸುವಂತಿಲ್ಲ. ಮೂರನೆಯ ಬಗೆಯದು ಇತ್ತೀಚಿನದು, ನನ್ನ ದೃಷ್ಟಿಯಲ್ಲಿ ಹೆಚ್ಚು ಅರ್ಥಪೂರ್ಣವಾದದ್ದು: ನೋಂದಾಯಿತ ಡಿಸೈನರ್ ತಮ್ಮದೇ ಮುದ್ರೆ ಒತ್ತಿ, ಭಾರ ಹೊರುವ ಗೋಡೆಗಳನ್ನು ಮುಟ್ಟದ ಒಳಾಂಗಣದ ನಕ್ಷೆಗಳನ್ನು ಕಟ್ಟಡ ಪರವಾನಗಿಗಾಗಿ ನೇರವಾಗಿ ಸಲ್ಲಿಸುವ ಹಕ್ಕು. ನಾರ್ತ್ ಕ್ಯಾರೊಲಿನ 2021ರಲ್ಲಿ, ವಿಸ್ಕಾನ್ಸಿನ್ ಮತ್ತು ಇಲಿನಾಯ್ 2022ರಲ್ಲಿ ಈ ದಿಕ್ಕಿನಲ್ಲಿ ಕಾನೂನು ಮಾಡಿದವು. ಯೂಟಾ ಅದಕ್ಕೂ ಮೊದಲೇ, 2016ರಲ್ಲಿ, ವಾಣಿಜ್ಯ ಒಳಾಂಗಣ ವಿನ್ಯಾಸಕರಿಗೆಂದೇ ಪ್ರತ್ಯೇಕ ಪ್ರಮಾಣಪತ್ರವನ್ನು ತಂದಿತ್ತು.

ಈ ವ್ಯತ್ಯಾಸಗಳು ಹೇಗೆ ಬಂದವೆಂಬುದಕ್ಕೆ ಒಂದೆರಡು ರಾಜ್ಯಗಳ ಚರಿತ್ರೆಯೇ ಸಾಕ್ಷಿ. ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ಅಲಬಾಮ, 1982ರಲ್ಲಿ. ಅದು ಬಿರುದನ್ನು ಕಾಯುವ ಕಾನೂನಾಗಿತ್ತು. ಅದೇ ರಾಜ್ಯ 2001ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕೆಲಸವನ್ನೇ ನಿರ್ಬಂಧಿಸಿತು, ಮತ್ತು 2007ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಕಾನೂನು ಸಂವಿಧಾನಬದ್ಧವಲ್ಲವೆಂದು ರದ್ದುಮಾಡಿತು. ಫ್ಲಾರಿಡಾದಲ್ಲಿ ವಾಣಿಜ್ಯ ಕಟ್ಟಡಗಳ ಒಳವಿನ್ಯಾಸಕ್ಕೆ ಬಹುಕಾಲ ಲೈಸೆನ್ಸ್ ಕಡ್ಡಾಯವಾಗಿತ್ತು. 2020ರಲ್ಲಿ ಆ ಕಡ್ಡಾಯ ಹೋಗಿ, ಇಷ್ಟವಿದ್ದವರು ನೋಂದಾಯಿಸಿಕೊಳ್ಳಬಹುದಾದ ಪದ್ಧತಿ ಬಂತು, ನೋಂದಾಯಿತರಿಗೆ ಮುದ್ರೆಯ ಹಕ್ಕು ಉಳಿಯಿತು. ದಿಂಬು, ಪರದೆ ಆರಿಸುವುದಕ್ಕೆ ಸರ್ಕಾರದ ಅಪ್ಪಣೆ ಏಕೆ ಎಂದು ಕೇಳುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನೂರಾರು ಜನ ಸೇರುವ ಕಟ್ಟಡದಲ್ಲಿ ಬಾಗಿಲು ಎಲ್ಲಿರಬೇಕೆಂದು ಗೆರೆ ಎಳೆಯುವವರಿಗೂ ದಿಂಬು ಆರಿಸುವವರಿಗೂ ಒಂದೇ ಹೆಸರಿರುವುದರಿಂದ, ಈ ಚರ್ಚೆ ಸುಲಭವಾಗಿ ದಾರಿ ತಪ್ಪುತ್ತದೆ. ಮುದ್ರೆಯ ಹಕ್ಕನ್ನು ಕೊಡುವ ಹೊಸ ಕಾನೂನುಗಳು ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿವೆ: ಜವಾಬ್ದಾರಿ ಹೊರುವವರಿಗೆ ಅಧಿಕಾರ, ಉಳಿದವರಿಗೆ ಸ್ವಾತಂತ್ರ್ಯ.

ನಿಮ್ಮ ರಾಜ್ಯ ಎರಡನೆಯ ಗುಂಪಿನದು. ಟೆಕ್ಸಸ್‌ನಲ್ಲಿ ಈ ವೃತ್ತಿಯ ನೋಂದಣಿಯನ್ನು ನೋಡಿಕೊಳ್ಳುವುದು ಟೆಕ್ಸಸ್ ಬೋರ್ಡ್ ಆಫ್ ಆರ್ಕಿಟೆಕ್ಚರಲ್ ಎಕ್ಸಾಮಿನರ್ಸ್; ವಾಸ್ತುಶಿಲ್ಪಿಗಳು ಮತ್ತು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗಳೂ ಇದೇ ಮಂಡಳಿಯಡಿ ಬರುತ್ತಾರೆ. ಅಲ್ಲಿ ಸಿಗುವುದನ್ನು ಕಾನೂನು ಲೈಸೆನ್ಸ್ ಎಂದು ಕರೆಯುವುದಿಲ್ಲ, ನೋಂದಣಿ ಎನ್ನುತ್ತದೆ, ಮತ್ತು ನೋಂದಾಯಿತರ ಬಿರುದು ‘ರಿಜಿಸ್ಟರ್ಡ್ ಇಂಟೀರಿಯರ್ ಡಿಸೈನರ್’. ನೀವು ಮುಂದೆ ಬೇರೆ ರಾಜ್ಯಕ್ಕೆ ಹೋದರೆ ಹೆಸರು ಬದಲಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಅದು ‘ಸರ್ಟಿಫೈಡ್ ಇಂಟೀರಿಯರ್ ಡಿಸೈನರ್’. ಓದು ಮತ್ತು ಅನುಭವ ಸೇರಿ 7 ವರ್ಷವಾಗಿರಬೇಕು, ಅದರಲ್ಲಿ ಕನಿಷ್ಠ 2 ವರ್ಷ ಕಾಲೇಜು ಓದು ಇರಬೇಕೆಂಬುದು ಅಲ್ಲಿಯ ನಿಯಮ. ಕ್ಯಾಲಿಫೋರ್ನಿಯಾದಲ್ಲೂ ಬಿರುದಿನ ಹೆಸರು ಅದೇ, ಆದರೆ ವ್ಯವಸ್ಥೆ ಪೂರ್ತಿ ಬೇರೆ: ಪ್ರಮಾಣಪತ್ರ ಕೊಡುವುದು ರಾಜ್ಯ ಸರ್ಕಾರದ ಇಲಾಖೆಯಲ್ಲ, ಕಾನೂನಿನಲ್ಲಿ ಮಾನ್ಯತೆ ಇರುವ ಲಾಭರಹಿತ ಸಂಸ್ಥೆ, ಮತ್ತು ಅದು ತನ್ನದೇ ಪರೀಕ್ಷೆಯನ್ನು ನಡೆಸುತ್ತದೆ.

ಹಾಗಾದರೆ ನಿಮಗೆ ಇದು ಬೇಕೇ? ನೀವು ಈಗ ಮಾಡುತ್ತಿರುವ ಕೆಲಸದಲ್ಲೇ ನೆಮ್ಮದಿಯಿದ್ದು, ಮುಂದೆಯೂ ಒಂಟಿ ಮನೆಗಳ ಅಡುಗೆಮನೆ, ಬಾತ್‌ರೂಮುಗಳಲ್ಲೇ ಇರುವುದಾದರೆ, ನೋಂದಣಿ ಇಲ್ಲದೆ ಇಡೀ ವೃತ್ತಿಜೀವನವನ್ನು ಕಾನೂನುಬದ್ಧವಾಗಿ ನಡೆಸಬಹುದು; ಹಾಗೆ ನಡೆಸಿ ಹೆಸರು ಮಾಡಿದವರೂ ಬಹಳ. ಅಂಥವರಿಗೆ ಅಡುಗೆಮನೆ ಮತ್ತು ಬಾತ್‌ರೂಮು ವಿನ್ಯಾಸಕರ ರಾಷ್ಟ್ರೀಯ ಸಂಘವಾದ ಎನ್‌ಕೆಬಿಎ ಕೊಡುವ ಪ್ರಮಾಣಪತ್ರವೇ ದಿನನಿತ್ಯದಲ್ಲಿ ಹೆಚ್ಚು ಉಪಯೋಗಕ್ಕೆ ಬಂದೀತು. ಆದರೆ ಕಚೇರಿ, ಆಸ್ಪತ್ರೆ, ಶಾಲೆ, ಹೋಟೆಲ್, ಅಂಗಡಿ ಮಳಿಗೆಗಳತ್ತ ಹೋಗಬೇಕೆಂಬ ಇಚ್ಛೆ ಇದ್ದರೆ ಮಾತು ಬೇರೆಯಾಗುತ್ತದೆ. ಆ ಕ್ಷೇತ್ರದ ದೊಡ್ಡ ಸಂಸ್ಥೆಗಳು, ಕಾನೂನು ಕೇಳಲಿ ಬಿಡಲಿ, ಹಿರಿಯ ಹುದ್ದೆಗೆ ರಾಷ್ಟ್ರೀಯ ಪರೀಕ್ಷೆಯ ಪ್ರಮಾಣಪತ್ರವನ್ನು ನಿರೀಕ್ಷಿಸುವುದು ಸಾಮಾನ್ಯ. ನಾಳೆ ನೀವು ಮುದ್ರೆಯ ಹಕ್ಕಿರುವ ರಾಜ್ಯಕ್ಕೆ ಹೋದಾಗಲೂ ಅಲ್ಲಿ ಮೊದಲು ಕೇಳುವುದು ಅದನ್ನೇ. ನಿಮ್ಮ ಪತ್ರದಲ್ಲಿ ಇದರ ಬಗ್ಗೆ ಏನೂ ಇಲ್ಲದಿರುವುದರಿಂದ, ಎರಡನೆಯ ದಾರಿಯನ್ನೇ ಆರಿಸಿಕೊಂಡಿದ್ದೀರೆಂದು ಭಾವಿಸಿ ಮುಂದುವರಿಯುತ್ತೇನೆ.

ಆ ರಾಷ್ಟ್ರೀಯ ಪರೀಕ್ಷೆಯ ಹೆಸರು ಎನ್‌ಸಿಐಡಿಕ್ಯೂ. ಇದನ್ನು ನಡೆಸುವುದು ಕೌನ್ಸಿಲ್ ಫಾರ್ ಇಂಟೀರಿಯರ್ ಡಿಸೈನ್ ಕ್ವಾಲಿಫಿಕೇಷನ್, ಅಂದರೆ ಸಿಐಡಿಕ್ಯೂ. ಸಂಸ್ಥೆ ಸ್ಥಾಪನೆಯಾದದ್ದು 1974ರಲ್ಲಿ. ಕ್ಯಾಲಿಫೋರ್ನಿಯಾವನ್ನು ಬಿಟ್ಟರೆ ಈ ವೃತ್ತಿಗೆ ಕಾನೂನು ಇರುವ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ, ಕೆನಡಾದ ಪ್ರಾಂತ್ಯಗಳೂ ಈ ಪರೀಕ್ಷೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ. ಪರೀಕ್ಷೆಗೆ ಅರ್ಜಿ ಹಾಕಲು ಓದು ಮತ್ತು ಅನುಭವ ಎರಡೂ ಬೇಕು. ಓದಿನ ಕನಿಷ್ಠ ಮಿತಿ, ಇಂಟೀರಿಯರ್ ಡಿಸೈನ್ ವಿಷಯದ್ದೇ ಆದ 60 ಸೆಮಿಸ್ಟರ್ ಕ್ರೆಡಿಟ್ ಅಥವಾ 90 ಕ್ವಾರ್ಟರ್ ಕ್ರೆಡಿಟ್. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ವರ್ಷದ ಅಸೋಸಿಯೇಟ್ ಪದವಿಗೆ ಸಾಮಾನ್ಯವಾಗಿ ಒಟ್ಟು 60 ಕ್ರೆಡಿಟ್ ಇರುತ್ತದೆ ನಿಜ, ಆದರೆ ಅದರಲ್ಲಿ ಇಂಗ್ಲಿಷು, ಗಣಿತ, ಇತಿಹಾಸಗಳಂಥ ಸಾಮಾನ್ಯ ವಿಷಯಗಳೂ ಸೇರಿರುತ್ತವೆ. ನಿಮ್ಮ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ವಿನ್ಯಾಸದ ಕೋರ್ಸುಗಳನ್ನು ಮಾತ್ರ ಕೂಡಿ ನೋಡಿ. ಕಡಿಮೆ ಬಿದ್ದರೆ ಇನ್ನೊಂದು ಪದವಿಯೇನೂ ಬೇಕಾಗಿಲ್ಲ, ಕೊರತೆಯಾದ ಕ್ರೆಡಿಟ್‌ಗಳಷ್ಟು ಕೋರ್ಸುಗಳನ್ನು ತೆಗೆದುಕೊಂಡರೆ ಸಾಕಾದೀತು. ಯಾವ ಕೋರ್ಸು ಲೆಕ್ಕಕ್ಕೆ ಬರುತ್ತದೆಂದು ಹಣ ಕಟ್ಟುವ ಮುನ್ನವೇ ಸಿಐಡಿಕ್ಯೂಗೆ ಬರೆದು ಕೇಳಿಕೊಳ್ಳುವುದು ಒಳ್ಳೆಯದು.

ಸಿಐಡಿಎ ಎಂಬ ಇನ್ನೊಂದು ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ಕಾಲೇಜುಗಳ ಪಠ್ಯಕ್ರಮಕ್ಕೆ ಮಾನ್ಯತೆ ಕೊಡುವ ಸಂಸ್ಥೆ. ಹೆಸರು ಹೆಚ್ಚುಕಡಿಮೆ ಒಂದೇ ಆದ್ದರಿಂದ ಪರೀಕ್ಷಾ ಸಂಸ್ಥೆಯೊಂದಿಗೆ ಕಲಸಿಕೊಳ್ಳಬೇಡಿ. ಅದರ ಮಾನ್ಯತೆ ಇರುವ ಪದವಿ ಇದ್ದರೆ ದಾಖಲೆಗಳ ಪರಿಶೀಲನೆ ಸರಳವಾಗುತ್ತದೆ ಮತ್ತು ಕೆಲವು ರಾಜ್ಯ ಮಂಡಳಿಗಳು ಅದಕ್ಕೆ ಆದ್ಯತೆ ಕೊಡುತ್ತವೆ. ಹೊರದೇಶದಲ್ಲಿ ಪದವಿ ಪಡೆದು ಬಂದವರಿಗೂ ದಾರಿ ಮುಚ್ಚಿಲ್ಲ. ಅಂಕಪಟ್ಟಿಯನ್ನು ಇಲ್ಲಿಯ ಮೌಲ್ಯಮಾಪನ ಸಂಸ್ಥೆಯೊಂದರಿಂದ, ಕೋರ್ಸುವಾರು, ಅಮೆರಿಕದ ಕ್ರೆಡಿಟ್ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕಾಗುತ್ತದೆ.

ಈಗ ಅನುಭವದ ವಿಷಯ, ನಿಮ್ಮ ಮಟ್ಟಿಗೆ ಇದೇ ಮುಖ್ಯ. ಇಂಟೀರಿಯರ್ ಡಿಸೈನಿನಲ್ಲಿ ನಾಲ್ಕು ವರ್ಷದ ಪದವಿ ಇದ್ದವರಿಗೆ 3,520 ಗಂಟೆಗಳ ಕೆಲಸದ ಅನುಭವ ಬೇಕು. ನಿಮ್ಮಂತೆ ಅಸೋಸಿಯೇಟ್ ಪದವಿ ಇದ್ದವರಿಗೆ 5,280 ಗಂಟೆ. ಈ ಸಂಖ್ಯೆಗಳು ವಿಚಿತ್ರವಾಗಿ ಕಂಡರೂ ಎರಡೂ 1,760ರ ಗುಣಕಗಳು: ವಾರಕ್ಕೆ 40 ಗಂಟೆಯಂತೆ 44 ವಾರ ದುಡಿದರೆ 1,760 ಆಗುತ್ತದೆ. ಅಂದರೆ ರಜೆ, ಕಾಯಿಲೆ ಎಲ್ಲ ಕಳೆದು ನಿಮಗೆ ಪೂರ್ಣಾವಧಿಯ ಮೂರು ವರ್ಷ, ಪದವೀಧರರಿಗೆ ಎರಡು ವರ್ಷ. ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡುವವರು ಅದೇ 5,280ಕ್ಕೆ ಐದು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಎರಡು ವರ್ಷ ಹೆಚ್ಚು ಓದಿದರೆ ಒಂದು ವರ್ಷದ ಅನುಭವ ಕಡಿಮೆಯಾಗುತ್ತದೆ ಅಷ್ಟೆ. ಪರೀಕ್ಷೆಗೆ ಬೇಗ ಕೂರಬೇಕೆಂಬ ಒಂದೇ ಕಾರಣಕ್ಕೆ ಮತ್ತೆ ಕಾಲೇಜು ಸೇರುವುದು ನಷ್ಟದ ವ್ಯವಹಾರ.

ಆದರೆ ಗಂಟೆಗಳೆಲ್ಲ ಒಂದೇ ತೂಕದವಲ್ಲ. ಪೂರ್ಣ ಮೌಲ್ಯ ಸಿಗಬೇಕಾದರೆ ನಿಮ್ಮ ಕೆಲಸವನ್ನು ನೇರವಾಗಿ ನೋಡಿಕೊಳ್ಳುವವರು ಮೂವರಲ್ಲಿ ಒಬ್ಬರಾಗಿರಬೇಕು: ಎನ್‌ಸಿಐಡಿಕ್ಯೂ ಪ್ರಮಾಣಪತ್ರ ಪಡೆದ ಡಿಸೈನರ್, ರಾಜ್ಯದಲ್ಲಿ ನೋಂದಣಿ ಅಥವಾ ಲೈಸೆನ್ಸ್ ಇರುವ ಇಂಟೀರಿಯರ್ ಡಿಸೈನರ್, ಇಲ್ಲವೇ ಒಳಾಂಗಣ ವಿನ್ಯಾಸದ ಸೇವೆಯನ್ನೂ ಕೊಡುವ ಲೈಸೆನ್ಸ್ ಇರುವ ವಾಸ್ತುಶಿಲ್ಪಿ. ನಿಮ್ಮ ಶೋರೂಮಿನ ಮಾಲೀಕರು ಮೂವತ್ತು ವರ್ಷದ ಅನುಭವಿಯಾಗಿದ್ದರೂ, ಅವರ ಬಳಿ ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅವರ ಕೈಕೆಳಗಿನ ಗಂಟೆಗಳಿಗೆ ಪೂರ್ಣ ಮೌಲ್ಯ ಸಿಗುವುದಿಲ್ಲ. ಹೊರಗಿನ ಅರ್ಹ ಡಿಸೈನರ್ ಒಬ್ಬರನ್ನು ಪ್ರಾಯೋಜಕರಾಗಿ ಒಪ್ಪಿಸಿಕೊಳ್ಳುವ ಅವಕಾಶವನ್ನು ಸಿಐಡಿಕ್ಯೂ ಇಟ್ಟಿದೆ. ಅವರು ನಿಮ್ಮ ಸಂಸ್ಥೆಯವರಾಗಿರಬೇಕಿಲ್ಲ, ಆದರೆ ನಿಮ್ಮ ಕೆಲಸವನ್ನು ಆಗಾಗ ಪರಿಶೀಲಿಸಿ ಸಹಿ ಹಾಕಲು ಸಿದ್ಧರಿರಬೇಕು. ನೇರ ಮೇಲ್ವಿಚಾರಣೆಯಷ್ಟು ಬೆಲೆ ಇದಕ್ಕೆ ಇಲ್ಲವಾದರೂ, ಕೆಲಸ ಬದಲಿಸಲಾಗದ ಪರಿಸ್ಥಿತಿಯಲ್ಲಿ ಇರುವವರಿಗೆ ಇದೇ ಆಧಾರ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಈ ವಾರವೇ ನಿಮ್ಮ ಮೇಲಿನವರ ಅರ್ಹತೆಯನ್ನು ವಿಚಾರಿಸಿ. ನೋಂದಾಯಿತರ ಹೆಸರನ್ನು ಟೆಕ್ಸಸ್ ಮಂಡಳಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಹಾಗಾಗಿ ಮುಜುಗರವಾದರೆ ಕೇಳುವ ಅಗತ್ಯವೂ ಇಲ್ಲ. ಅರ್ಹತೆ ಇಲ್ಲವೆಂದಾದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ, ಅರ್ಹ ಮೇಲ್ವಿಚಾರಕರಿರುವ ಸಂಸ್ಥೆಗೆ ಹೋಗುವುದನ್ನು ಗಂಭೀರವಾಗಿ ಯೋಚಿಸಿ. ವಾಣಿಜ್ಯ ಒಳಾಂಗಣದ ಸಂಸ್ಥೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ಪರೀಕ್ಷೆಯ ಬಹುಪಾಲು ಪ್ರಶ್ನೆಗಳು ಆ ಕೆಲಸದಿಂದಲೇ ಹುಟ್ಟಿದವು. ಕ್ಯಾಬಿನೆಟ್ ವಿನ್ಯಾಸದಲ್ಲಿ ಹತ್ತು ವರ್ಷ ಪಳಗಿದವರೂ ನಿರ್ಗಮನ ಮಾರ್ಗದ ಲೆಕ್ಕದ ಮುಂದೆ ತಡವರಿಸುತ್ತಾರೆ. ಎಲ್ಲೇ ಇದ್ದರೂ ಗಂಟೆಗಳನ್ನು ತಿಂಗಳು ತಿಂಗಳೂ ಬರೆದಿಟ್ಟು, ಕೆಲಸ ಬಿಡುವ ದಿನವೇ ಮೇಲ್ವಿಚಾರಕರ ಸಹಿ ಪಡೆದುಬಿಡಿ. ಮೂರು ವರ್ಷದ ನಂತರ ಅವರು ಊರು ಬಿಟ್ಟಿರಬಹುದು, ಸಂಸ್ಥೆಯೇ ಮುಚ್ಚಿರಬಹುದು.

ಪರೀಕ್ಷೆಯ ಮೂರು ಭಾಗಗಳಲ್ಲಿ ಮೊದಲನೆಯದು ಐಡಿಎಫ್‌ಎಕ್ಸ್, ಮೂಲಭೂತ ಜ್ಞಾನದ ಪರೀಕ್ಷೆ. ಮನುಷ್ಯರು ಜಾಗವನ್ನು ಬಳಸುವ ರೀತಿ, ನಿರ್ಮಾಣದ ವಿಧಾನಗಳು, ಬೆಳಕು, ಶಬ್ದ, ಸಾಮಗ್ರಿಗಳು, ನಕ್ಷೆ ಓದುವುದು ಇದರಲ್ಲಿ ಬರುತ್ತವೆ. ಗಂಟೆಗಳು ಭರ್ತಿಯಾಗುವ ಮೊದಲೇ ಇದನ್ನು ಬರೆಯಬಹುದೆಂದು ಆಗಲೇ ಹೇಳಿದೆ. ಕಾಲೇಜಿನ ಪಾಠ ನೆನಪಿನಲ್ಲಿರುವಾಗಲೇ ಮುಗಿಸಿಕೊಳ್ಳುವುದು ಜಾಣತನ. ಎರಡನೆಯದು ಐಡಿಪಿಎಕ್ಸ್, ವೃತ್ತಿಯ ಪರೀಕ್ಷೆ: ಕರಾರು ದಾಖಲೆಗಳು, ಎಂಜಿನಿಯರುಗಳೊಂದಿಗೆ ಹೊಂದಾಣಿಕೆ, ಕಾಮಗಾರಿಯ ಮೇಲುಸ್ತುವಾರಿ, ಕಟ್ಟಡ ಸಂಹಿತೆಗಳು (ಬಿಲ್ಡಿಂಗ್ ಕೋಡ್), ವೃತ್ತಿನೀತಿ. ಈ ಎರಡೂ ಬಹು ಆಯ್ಕೆಯ ಪ್ರಶ್ನೆಗಳು. ಮೂರನೆಯದಾದ ಪ್ರಾಕ್ಟಿಕಮ್‌ನಲ್ಲಿ ಒಂದು ಕಟ್ಟಡದ ಸಂದರ್ಭ, ಗ್ರಾಹಕರ ಬೇಡಿಕೆ, ನಕ್ಷೆ, ಸಂಹಿತೆಯ ಭಾಗಗಳನ್ನು ಮುಂದಿಟ್ಟು ನಿರ್ಧಾರ ಕೈಗೊಳ್ಳುವಂತೆ ಕೇಳಲಾಗುತ್ತದೆ. ಹಿಂದೆ ಇದನ್ನು ಡ್ರಾಯಿಂಗ್ ಬೋರ್ಡಿನ ಮೇಲೆ ಕೈಯಿಂದಲೇ ಬಿಡಿಸಬೇಕಿತ್ತು. ಈಗ ಮೂರೂ ಭಾಗಗಳು ಕಂಪ್ಯೂಟರಿನಲ್ಲಿವೆ. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಪರೀಕ್ಷೆ ನಡೆಯುತ್ತದೆ. ಅಂಕಗಳು 200ರಿಂದ 800ರ ಮಾಪನದಲ್ಲಿದ್ದು, ಪ್ರತಿ ಭಾಗದಲ್ಲೂ 500 ಬಂದರೆ ಉತ್ತೀರ್ಣ. ಒಂದು ಭಾಗ ಕೈತಪ್ಪಿದರೆ ಆ ಭಾಗವನ್ನಷ್ಟೇ ಮತ್ತೆ ಬರೆದರೆ ಸಾಕು. ಅರ್ಜಿ ಶುಲ್ಕ ಮತ್ತು ಮೂರು ಭಾಗಗಳ ಶುಲ್ಕ ಸೇರಿದರೆ ಸಾವಿರ ಡಾಲರ್ ದಾಟುತ್ತದೆ, ಓದುವ ಸಾಮಗ್ರಿಯ ಖರ್ಚು ಬೇರೆ. ಶುಲ್ಕ ಭರಿಸಿಕೊಡುವ ಸಂಸ್ಥೆಗಳೂ ಇವೆ, ಹೊಸ ಕೆಲಸಕ್ಕೆ ಸೇರುವಾಗಲೇ ಮಾತಾಡಿಕೊಳ್ಳಿ.

ಪರೀಕ್ಷೆ ಏನನ್ನು ಅಳೆಯುತ್ತದೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಒಂದು ಕಚೇರಿಯಲ್ಲಿ ಮೇಜು ಕುರ್ಚಿ ಹಾಕಿದ ತರಬೇತಿ ಕೊಠಡಿ ಇದೆ, ಒಳ ಅಳತೆ 24 ಅಡಿಗೆ 30 ಅಡಿ ಎಂದುಕೊಳ್ಳಿ. ದೇಶದ ಬಹುತೇಕ ಕಡೆ ಜಾರಿಯಲ್ಲಿರುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಇಂಥ ಜಾಗದಲ್ಲಿ ಪ್ರತಿ 15 ಚದರ ಅಡಿಗೆ ಒಬ್ಬರಂತೆ ಜನರನ್ನು ಎಣಿಸಬೇಕು. 720ನ್ನು 15ರಿಂದ ಭಾಗಿಸಿದರೆ 48 ಜನ. ಒಂದು ಬಾಗಿಲು ಸಾಕು, ಅದು ಒಳಕ್ಕೆ ತೆರೆದುಕೊಂಡರೂ ತಕರಾರಿಲ್ಲ, ಕೊಠಡಿಯನ್ನು ಕಚೇರಿಯ ಭಾಗವೆಂದೇ ಪರಿಗಣಿಸಲಾಗುತ್ತದೆ. ಗ್ರಾಹಕರು ಬಂದು, ಪಕ್ಕದ ಗೋಡೆಯನ್ನು ಮೂರೇ ಅಡಿ ಆಚೆಗೆ ಸರಿಸಿ, ಇನ್ನೊಂದು ಸಾಲು ಕುರ್ಚಿ ಹಿಡಿಯಲಿ ಎನ್ನುತ್ತಾರೆ. ಈಗ ಕೊಠಡಿ 24ಕ್ಕೆ 33, ಅಂದರೆ 792 ಚದರ ಅಡಿ; ಲೆಕ್ಕ 52.8, ಸಂಹಿತೆಯ ಕಣ್ಣಿಗೆ 53 ಜನ. ಐವತ್ತು ಮುಟ್ಟಿದ ಕೂಡಲೇ ಅದು ಜನ ಸೇರುವ ಸಭಾಸ್ಥಳದ ವರ್ಗಕ್ಕೆ ಸೇರುತ್ತದೆ. ಎರಡು ಬಾಗಿಲು ಬೇಕು. ಎರಡೂ ಹೊರಹೋಗುವ ದಿಕ್ಕಿಗೆ ತೆರೆದುಕೊಳ್ಳಬೇಕು. ಚಿಲಕವಿದ್ದರೆ ಮೈಯಿಂದ ಒತ್ತಿದರೆ ತೆರೆಯುವ ಅಡ್ಡಪಟ್ಟಿ ಇರಬೇಕು. ಎರಡನೆಯ ಬಾಗಿಲನ್ನು ಮೊದಲನೆಯದರ ಪಕ್ಕದಲ್ಲೇ ಇಡುವಂತಿಲ್ಲ: ಕೊಠಡಿಯ ಕರ್ಣ ಸುಮಾರು 40.8 ಅಡಿ, ಬಾಗಿಲುಗಳ ನಡುವೆ ಅದರ ಅರ್ಧದಷ್ಟು ಅಂತರ ಬೇಕು, ಕಟ್ಟಡದ ತುಂಬ ಸ್ಪ್ರಿಂಕ್ಲರ್ ಇದ್ದರೆ ಮೂರನೆಯ ಒಂದು ಭಾಗ ಸಾಕು. ಮೂರು ಅಡಿ ಗೋಡೆ ಸರಿಸಿದ್ದಕ್ಕೆ ಇಷ್ಟೆಲ್ಲ ಬದಲಾಯಿತೆಂದು ಗ್ರಾಹಕರಿಗೆ ನಕ್ಷೆ ಬಿಡಿಸುವ ಮೊದಲೇ ಹೇಳಬಲ್ಲವರು ನೋಂದಾಯಿತ ಡಿಸೈನರ್. ನಕ್ಷೆ ಸಲ್ಲಿಸಿ, ಅದು ನಗರದ ಕಚೇರಿಯಿಂದ ಕೆಂಪು ಗುರುತಿನೊಂದಿಗೆ ವಾಪಸು ಬಂದ ಮೇಲೆ ತಿಳಿದುಕೊಳ್ಳುವವರು ಇನ್ನೂ ಕಲಿಯಬೇಕಾದವರು.

ಗೋಡೆ, ಚಾವಣಿಗಳ ಹೊದಿಕೆಯ ವಿಷಯದಲ್ಲೂ ಇದೇ ಬಗೆಯ ಜ್ಞಾನ ಬೇಕಾಗುತ್ತದೆ. ಜ್ವಾಲೆ ಹರಡುವ ವೇಗವನ್ನು ಅಳೆದು ಸಾಮಗ್ರಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಗುತ್ತದೆ: ಸೂಚ್ಯಂಕ 25ರವರೆಗೆ ಎ, 75ರವರೆಗೆ ಬಿ, 200ರವರೆಗೆ ಸಿ. ಹೊಗೆಯ ಸೂಚ್ಯಂಕ ಮೂರಕ್ಕೂ 450 ಮೀರುವಂತಿಲ್ಲ. ಇಂಥ ನಿಯಮಗಳ ಹಿಂದೆ ಸಾವುಗಳಿವೆ. 1942ರಲ್ಲಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ನೈಟ್‌ಕ್ಲಬ್ಬಿನಲ್ಲಿ ಅಲಂಕಾರದ ಬಟ್ಟೆ, ಕೃತಕ ಗಿಡಗಳಿಗೆ ಬೆಂಕಿ ಹತ್ತಿ, ಮುಖ್ಯದ್ವಾರದ ತಿರುಗುಬಾಗಿಲಿನಲ್ಲಿ ಜನ ಸಿಕ್ಕಿಕೊಂಡು, ಒಟ್ಟು 492 ಮಂದಿ ಸತ್ತರು. 2003ರಲ್ಲಿ ರೋಡ್ ಐಲ್ಯಾಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ, ಶಬ್ದ ತಡೆಯಲೆಂದು ಗೋಡೆಗೆ ಅಂಟಿಸಿದ್ದ ಫೋಮ್ ಹಾಳೆಗೆ ವೇದಿಕೆಯ ಬಾಣಬಿರುಸಿನ ಕಿಡಿ ತಗುಲಿ 100 ಮಂದಿ ಸತ್ತರು. ಎರಡೂ ಕಡೆ ಬೆಂಕಿಗೆ ಮೇವಾದದ್ದು ಕಟ್ಟಡದ ಕಂಬ ತೊಲೆಗಳಲ್ಲ, ಒಳಾಂಗಣದ ಹೊದಿಕೆ. ಈ ವೃತ್ತಿಗೆ ಪರೀಕ್ಷೆ ಬೇಕೇ ಎಂಬ ಚರ್ಚೆ ಬಂದಾಗ ನಾನು ಮುಂದಿಡುವ ವಾದ ಇದೊಂದೇ. ಇದರ ಜೊತೆಗೆ, 1990ರ ಅಂಗವಿಕಲರ ಹಕ್ಕಿನ ಕಾನೂನಾದ ಎಡಿಎಯ ಅಳತೆಗಳು ನಾಲಿಗೆಯ ತುದಿಯಲ್ಲಿರಬೇಕು: ಬಾಗಿಲು ತೆರೆದಾಗ ಕನಿಷ್ಠ 32 ಇಂಚು ತೆರಪು, ಗಾಲಿಕುರ್ಚಿ ಪೂರ್ತಿ ತಿರುಗಲು 60 ಇಂಚು ವ್ಯಾಸದ ಜಾಗ. ಬಾತ್‌ರೂಮು ವಿನ್ಯಾಸದ ನಿಮ್ಮ ಅನುಭವ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಮೂರೂ ಭಾಗ ಮುಗಿದ ಮೇಲೆ ಸಿಗುವುದು ಎನ್‌ಸಿಐಡಿಕ್ಯೂ ಪ್ರಮಾಣಪತ್ರ. ಅದು ರಾಜ್ಯದ ನೋಂದಣಿಯಲ್ಲ. ಫಲಿತಾಂಶದೊಂದಿಗೆ ಟೆಕ್ಸಸ್ ಮಂಡಳಿಗೆ ಪ್ರತ್ಯೇಕ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆ ಮುಗಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಪ್ರತಿವರ್ಷ ನವೀಕರಣ, ಜೊತೆಗೆ ವರ್ಷಕ್ಕೆ 12 ಗಂಟೆ ಮುಂದುವರಿದ ಶಿಕ್ಷಣ; ಅದರಲ್ಲಿ ಅಂಗವಿಕಲರಿಗೆ ಅನುಕೂಲವಾದ ವಿನ್ಯಾಸಕ್ಕೆ ಒಂದು ಗಂಟೆ, ಪರಿಸರಸ್ನೇಹಿ ವಿನ್ಯಾಸಕ್ಕೆ ಒಂದು ಗಂಟೆ ಮೀಸಲು. ರಾಜ್ಯ ಬದಲಿಸಿದರೆ ನೋಂದಣಿ ತಾನಾಗಿ ಜೊತೆಗೆ ಬರುವುದಿಲ್ಲ, ಹೊಸ ಮಂಡಳಿಗೆ ಹೊಸ ಅರ್ಜಿ ಬೇಕು. ಆದರೆ ಪರೀಕ್ಷೆಯನ್ನು ಮತ್ತೆ ಬರೆಯಬೇಕಾಗಿ ಬರುವುದು ಅಪರೂಪ.

ಮುದ್ರೆಯ ಹಕ್ಕಿರುವ ರಾಜ್ಯದಲ್ಲಿಯೂ ಆ ಹಕ್ಕಿಗೆ ಎಲ್ಲೆ ಇದೆ. ಭಾರ ಹೊರುವ ಗೋಡೆ, ತೊಲೆ, ಭೂಕಂಪ ನಿರೋಧಕ ಅಂಶಗಳನ್ನು ಮುಟ್ಟುವಂತಿಲ್ಲ. ಹವಾನಿಯಂತ್ರಣ, ವಿದ್ಯುತ್, ಕೊಳಾಯಿ ವ್ಯವಸ್ಥೆಗಳ ವಿನ್ಯಾಸ ಎಂಜಿನಿಯರುಗಳದ್ದು. ಟೆಕ್ಸಸ್‌ನ ಕಾನೂನು ಮುಖ್ಯವಾಗಿ ಬಿರುದನ್ನು ಕಾಯುವಂಥದ್ದಾದ್ದರಿಂದ, ನಿರ್ದಿಷ್ಟ ಕಾಮಗಾರಿಗೆ ಯಾರ ನಕ್ಷೆ ನಡೆಯುತ್ತದೆಂಬುದನ್ನು ಆಯಾ ನಗರದ ಕಟ್ಟಡ ವಿಭಾಗದಲ್ಲೇ ಮೊದಲು ವಿಚಾರಿಸಿಕೊಳ್ಳಬೇಕು.

ಲೈಸೆನ್ಸ್ ಎಂದು ತಪ್ಪಾಗಿ ತಿಳಿಯುವ ಕೆಲವು ಕಾಗದಗಳ ಬಗ್ಗೆ ಎರಡು ಮಾತು. ಸ್ವಂತ ವ್ಯವಹಾರ ತೆರೆಯುವಾಗ ಮಾಡಿಸುವ ಎಲ್‌ಎಲ್‌ಸಿ ನೋಂದಣಿ, ಪೀಠೋಪಕರಣ ಮಾರಲು ಬೇಕಾದ ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ಇವು ವ್ಯಾಪಾರದ ದಾಖಲೆಗಳು, ಅರ್ಹತೆಯ ದಾಖಲೆಗಳಲ್ಲ. ಇಂಟೀರಿಯರ್ ಡಿಸೈನರುಗಳ ವೃತ್ತಿಸಂಘಗಳಾದ ಎಎಸ್‌ಐಡಿ, ಐಐಡಿಎಗಳ ಸದಸ್ಯತ್ವವೂ ಹಾಗೆಯೇ. ಎಎಸ್‌ಐಡಿಯಲ್ಲಿ ‘ಪ್ರೊಫೆಷನಲ್’ ದರ್ಜೆಗೆ ಎನ್‌ಸಿಐಡಿಕ್ಯೂ ಬೇಕಾಗಿರುವುದರಿಂದ ಅದು ಪರೋಕ್ಷ ಸಾಕ್ಷಿಯಾದೀತು, ಆದರೆ ‘ಅಲೈಡ್’ ದರ್ಜೆ ಹಾಗಲ್ಲ. ಪರಿಸರಸ್ನೇಹಿ ಕಟ್ಟಡಗಳಿಗೆ ಸಂಬಂಧಿಸಿದ ಲೀಡ್ ಮತ್ತು ಕಟ್ಟಡದೊಳಗಿನವರ ಆರೋಗ್ಯಕ್ಕೆ ಸಂಬಂಧಿಸಿದ ವೆಲ್ ಪ್ರಮಾಣಪತ್ರಗಳು ಉತ್ತಮವಾದವು, ಸಂದರ್ಶನದಲ್ಲಿ ನೆರವಾಗುತ್ತವೆ, ಆದರೆ ಅವು ಕೊಡುವುದು ಒಂದು ವಿಶೇಷ ವಿಷಯದ ಅರಿವಿಗೆ ಮನ್ನಣೆ. ಆನ್‌ಲೈನಿನಲ್ಲಿ ಕೆಲವೇ ವಾರಗಳಲ್ಲಿ ‘ಸರ್ಟಿಫೈಡ್ ಡಿಸೈನರ್’ ಮಾಡಿಬಿಡುತ್ತೇವೆಂಬ ಕೋರ್ಸುಗಳಿಗೆ ಹಣ ಸುರಿಯುವ ಮುನ್ನ, ಅದರಿಂದ ಮೇಲೆ ಹೇಳಿದ 60 ಕ್ರೆಡಿಟ್‌ಗೆ ಎಷ್ಟು ಸೇರುತ್ತದೆಂದು ಕೇಳಿ. ಉತ್ತರ ಸಾಮಾನ್ಯವಾಗಿ ಸೊನ್ನೆ.

ಇನ್ನು ನಿಮ್ಮ ಕಾರ್ಡು. ಹಿಂದೆ ಟೆಕ್ಸಸ್‌ನಲ್ಲಿ ‘ಇಂಟೀರಿಯರ್ ಡಿಸೈನರ್’ ಎಂಬ ಹೆಸರೇ ನೋಂದಾಯಿತರಿಗೆ ಮೀಸಲಾಗಿತ್ತು. 2009ರಲ್ಲಿ ಕಾನೂನು ತಿದ್ದುಪಡಿಯಾಗಿ, ಮೀಸಲು ‘ರಿಜಿಸ್ಟರ್ಡ್’ ಎಂಬ ಪದ ಸೇರಿದ ಬಿರುದಿಗೆ ಮಾತ್ರ ಉಳಿಯಿತು. ಆದ್ದರಿಂದ ‘ಇಂಟೀರಿಯರ್ ಡಿಸೈನರ್’ ಎಂದು ಇಂದೇ ಅಚ್ಚು ಹಾಕಿಸಬಹುದು, ‘ಇಂಟೀರಿಯರ್ ಡಿಸೈನ್’ ಸೇವೆ ಕೊಡುತ್ತೇನೆಂದು ಜಾಹೀರಾತನ್ನೂ ಕೊಡಬಹುದು. ‘ರಿಜಿಸ್ಟರ್ಡ್’, ‘ಲೈಸೆನ್ಸ್‌ಡ್’ ಎಂಬ ಪದಗಳನ್ನಾಗಲಿ, ಹೆಸರಿನ ಮುಂದೆ ಆರ್‌ಐಡಿ ಎಂಬ ಅಕ್ಷರಗಳನ್ನಾಗಲಿ ಸೇರಿಸಬೇಡಿ. ಐಡಿಎಫ್‌ಎಕ್ಸ್ ಒಂದನ್ನು ಪಾಸು ಮಾಡಿದ ಮಾತ್ರಕ್ಕೆ ‘ಎನ್‌ಸಿಐಡಿಕ್ಯೂ’ ಎಂದೂ ಹಾಕಿಕೊಳ್ಳುವಂತಿಲ್ಲ. ಆ ಅಕ್ಷರಗಳು ಮೂರೂ ಭಾಗ ಮುಗಿಸಿ ಪ್ರಮಾಣಪತ್ರವನ್ನು ಚಾಲ್ತಿಯಲ್ಲಿ ಇಟ್ಟುಕೊಂಡವರವು. ಶೋರೂಮಿನವರೇ ಕಾರ್ಡು ಮಾಡಿಸಿಕೊಡುವುದಾದರೆ, ಅಚ್ಚಿಗೆ ಹೋಗುವ ಮುನ್ನ ಕರಡನ್ನು ಒಮ್ಮೆ ನೀವೇ ನೋಡಿ, ಏಕೆಂದರೆ ಬಿರುದು ತಪ್ಪಾಗಿದ್ದರೆ ಮಂಡಳಿಗೆ ಉತ್ತರ ಕೊಡಬೇಕಾದವರು ಕಾರ್ಡಿನ ಮೇಲೆ ಹೆಸರಿರುವವರು.